ನಡುಮನೆ ಗೋಡೆಯ ಮೊಗ್ಗಿನ ಜಡೆ

ಆಗೆಲ್ಲ ಫೋಟೊ ತೆಗೆಸುವುದು ಅಂದರೆ ಒಂದು ಸಣ್ಣ ಹಬ್ಬ. ಈಗಿನ ಹಾಗೆ ಬೆಕ್ಕು ಆಕಳಿಸಿದ್ದಕ್ಕೊಂದು, ತಟ್ಟೆಗೆ ದೋಸೆ ಬಿದ್ದಿದ್ದಕ್ಕೊಂದು ಅಂತ ತೆಗೆಯುವ ಕಾಲವಲ್ಲ. ತಲೆಗೆ ಎಣ್ಣೆನೀರು ಆಗಬೇಕು, ಟ್ರಂಕಿನ ತಳದ ಬಟ್ಟೆ ಮೇಲೆ ಬರಬೇಕು, ಊರಿಂದ ಸಂತೆಮರಹಳ್ಳಿವರೆಗೆ ನಡೆದು ಅಲ್ಲಿ ಚಾಮರಾಜನಗರದ ಬಸ್ಸು ಹಿಡಿಯಬೇಕು. ಸ್ಟುಡಿಯೊ ಮುಟ್ಟುವಷ್ಟರಲ್ಲಿ ಬೆವರಿಗೆ ಪೌಡರೆಲ್ಲ ಕರಗಿ ಕತ್ತಿಗೆ ಇಳಿದಿರುತ್ತಿತ್ತು. ಹಾಗಾಗಿ ಒಂದೊಂದು ಮನೆಯಲ್ಲಿ ಇರುತ್ತಿದ್ದದ್ದೇ ಎರಡೋ ಮೂರೋ ಪಟ. ಅವನ್ನು ದೇವರ ಪಟಗಳ ಸಾಲಿನಲ್ಲೇ ನೇತುಹಾಕುತ್ತಿದ್ದರು.

ನಮ್ಮ ನಡುಮನೆಯಲ್ಲಿ ಮೂರಿದ್ದವು. ಒಂದು ತಾತನದು. ತೀರಿಹೋದ ಮೇಲೆ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಹಾರ ಹಾಕಿ ತೆಗೆಸಿದ್ದು. ಅದನ್ನು ಕಂಡರೆ ನನಗೆ ಭಯ. ಎರಡನೆಯದು ಅಪ್ಪ ಅವ್ವನ ಮದುವೆಯದು. ಮೂರನೆಯದು ಎರಡು ವರ್ಷದ ಒಂದು ಹೆಣ್ಣುಮಗು. ಜರಿ ಅಂಚಿನ ಲಂಗ, ಕೆನ್ನೆಗೆ ದೃಷ್ಟಿಬೊಟ್ಟು, ತಲೆಗೆ ಮೊಗ್ಗಿನ ಜಡೆ. ಜಡೆ ಕಾಣಲಿ ಅಂತ ಹಿಂದೆ ಒಂದು ನಿಲುವುಗನ್ನಡಿ ಇಟ್ಟಿದ್ದರು.

ಆ ಮಗು ನಾನು. ಅಂದರೆ, ಹನ್ನೊಂದು ವರ್ಷದವಳಾಗುವ ತನಕ ಅದು ನಾನಾಗಿದ್ದೆ.

ಆ ಪಟದ ಮೇಲೆ ನನಗಿದ್ದ ಮೋಹ ಅಷ್ಟಿಷ್ಟಲ್ಲ. ದಿನಾ ಸ್ಕೂಲಿಂದ ಬಂದ ತಕ್ಷಣ ಮಣೆ ಹತ್ತಿ ಲಂಗದ ಚುಂಗಿನಲ್ಲಿ ಅದರ ಗಾಜು ಒರೆಸುತ್ತಿದ್ದೆ. ಒಂದು ಶುಕ್ರವಾರ ಅದಕ್ಕೆ ಕನಕಾಂಬರ ಸಿಕ್ಕಿಸಿಬಿಟ್ಟೆ. ಅಜ್ಜಿ ಹಿತ್ತಲಿಂದಲೇ ಕೂಗಿಕೊಂಡು ಬಂತು. "ತಗಿ ಅದ, ತಗಿ! ಬದುಕಿರೋರ ಪಟಕ್ಕೆ ಊ ಇಕ್ತಾರ? ಬುದ್ಧಿಗಿದ್ಧಿ ಅದ ನಿಂಗ?"

ಆ ದಿನದ ಕತೆಯನ್ನು ಅವ್ವನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುತ್ತಿದ್ದೆ. ಅವ್ವ ರಾಗಿ ಕೇರುತ್ತಲೇ ಹೇಳುತ್ತಿದ್ದಳು.

"ಅವತ್ತು ನಾನು ಅತ್ತಿದ್ನವ್ವ?"

"ಅತ್ತಿದ್ದೆ. ಲಂಗ ಚುಚ್ತದೆ ಅಂತ ಬಜಾರೆಲ್ಲ ಒಂದ್ಮಾಡಿದ್ದೆ. ಪೋಟದೋನು ಗಿಲಕಿ ಆಡಿಸ್ದ, ನಕ್ಬುಟ್ಟೆ."

"ಆಮೇಕೆ?"

"ಆಮೇಕೇನು, ಬೋಂಡ ಕೊಡಿಸ್ದೊ. ತಿಂದ್ಕೊಂಡು ಬಸ್ಸಲ್ಲೇ ಮನಿಕಂಡೆ. ಓಗು, ಕೋಳಿ ಮ್ಯಾಲೆ ಮಂಕ್ರಿ ಕವುಚಾಕು."

ಕೇಳಿ ಕೇಳಿ ಅದೆಲ್ಲ ನನಗೇ ನೆನಪಾಗಿ ಹೋಗಿತ್ತು. ಜರಿ ಚುಚ್ಚಿದ್ದು ಸೊಂಟದ ಎಡಗಡೆ ಅಂತ ಬೆರಳಿಟ್ಟು ತೋರಿಸುತ್ತಿದ್ದೆ. ಗಿಲಕಿಯ ಬಣ್ಣ ಕೆಂಪು ಅಂತ ಆಣೆ ಇಟ್ಟು ಹೇಳುತ್ತಿದ್ದೆ. ಆ ಜಡೆಯ ಮೊಗ್ಗು ಬಸ್ಸಿನ ಬಿಸಿಲಿಗೆ ಅರಳಿ ಬಿಟ್ಟ ಘಮ ಕೂಡ ಮೂಗಿಗೆ ಬರುತ್ತಿತ್ತು.

ಮಲ್ಲಿಗೆ ಮೊಗ್ಗಿನ ಕಾಲ ಬಂತೆಂದರೆ ಕೇರಿಯ ಹುಡುಗಿಯರು ಒಬ್ಬೊಬ್ಬರಾಗಿ ಜಡೆ ಹಾಕಿಸಿಕೊಂಡು ಸ್ಟುಡಿಯೊಗೆ ಹೊರಡುತ್ತಿದ್ದರು. ಪಕ್ಕದ ಮನೆ ಗೌರಿ ಅಂತೂ ಎರಡು ಬೇಸಿಗೆ ಹೋಗಿಬಂದಿದ್ದಳು. ನಾನೂ ಅವ್ವನ ಸೆರಗು ಹಿಡಿದು ಎಳೆಯುತ್ತಿದ್ದೆ. ಅವ್ವ ಗೋಡೆಯ ಕಡೆ ಗದ್ದ ಎತ್ತಿ ತೋರಿಸುತ್ತಿದ್ದಳು. "ನಿಂದು ಆಗ್ಲೇ ತೆಗ್ಸಿಲ್ವ? ಅಲ್ನೋಡು. ಒಬ್ಳಿಗೆ ಏಸು ಪೋಟ ಕಣಮ್ಮಿ?" ಸರಿ, ಅದೂ ನಿಜ ಅಂತ ಸುಮ್ಮನಾಗುತ್ತಿದ್ದೆ. ಸುಮ್ಮನಾಗುವುದಿರಲಿ, ಗೌರಿಯ ಮುಂದೆ ಜಂಬ ಬೇರೆ. "ನಿಂಗೆ ಈಗ ತೆಗ್ಸವ್ರೆ. ನಂಗೆ ಎರಡು ವರ್ಸಕ್ಕೇ ತೆಗ್ಸಿದ್ರು!"

ಅಣ್ಣ ಮಾದೇಶ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಕೆರೆ ಏರಿ ಸುತ್ತಿಸುತ್ತಿದ್ದವನು ಅವನೇ. ಹುಣಸೆಕಾಯಿಗೆ ಉಪ್ಪುಖಾರ ಕುಟ್ಟಿಕೊಂಡು ಬಂದು ಪಾಲು ಕೊಡುತ್ತಿದ್ದವನೂ ಅವನೇ. ಅವನ ಸ್ನೇಹಿತರು ಮನೆಗೆ ಬಂದಾಗ ಯಾರಾದರೂ ಪಟದ ಕಡೆ ನೋಡಿದರೆ ಕೇಳುವ ಮೊದಲೇ ಹೇಳುತ್ತಿದ್ದ, "ಅದು ನನ್ ತಂಗಿ ಕಣ್ಲಾ." ಆಗ ನಾನು ಬಾಗಿಲ ಸಂದಿಯಲ್ಲಿ ನಿಂತು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ.

ಆ ಬೇಸಿಗೆಯಲ್ಲಿ ಗುಂಡ್ಲುಪೇಟೆಯ ಅತ್ತೆ ಬಂದಳು. ಅಪ್ಪನ ತಂಗಿ. ಅವಳು ಬಂದರೆ ಮನೆಗೆ ಬೇರೆಯದೇ ವಾಸನೆ. ಕೇರಳದ ಕಡೆಯಿಂದ ಬರುವ ನೇಂದ್ರಬಾಳೆ ಚಿಪ್ಸಿನ ಪೊಟ್ಟಣ, ಕೊಬ್ಬರಿ ಎಣ್ಣೆ ಘಮಗುಡುವ ಅವಳ ತಲೆ, ಅವಳ ದೊಡ್ಡ ಗಂಟಲು. ಕಂಕುಳಲ್ಲಿ ಮಗ ಮಂಜು. ಎರಡು ವರ್ಷ ತುಂಬಿತ್ತು, ಒಂದು ಸಲವೂ ಕತ್ತರಿ ಕಾಣದ ಗುಂಗುರು ಕೂದಲು ಬೆನ್ನಿಗೆ ಇಳಿದಿತ್ತು. ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಅವನ ಮೊದಲ ಮುಡಿ ಕೊಡುವುದಿತ್ತು. ನಾಡಿದ್ದು ಬೆಟ್ಟ ಅನ್ನುವಾಗ ಅಜ್ಜಿ ಒಂದು ತೀರ್ಮಾನ ಕೊಟ್ಟಿತು. "ಕೂದ್ಲು ಓಗೋಕ್ ಮುಂಚೆ ಮಗೀಗೆ ಮೊಗ್ಗಿನ ಜಡೆ ಹಾಕ್ಸಿ ಪೋಟ ತೆಗ್ಸ್ಬುಡನ."

ನನಗೆ ನಗು ತಡೆಯಲಾಗಲಿಲ್ಲ. ಗಂಡುಹುಡುಗನಿಗೆ ಜಡೆಯೇ?

"ನಗ್ತೀಯ ಯಾಕಮ್ಮಿ?" ಅಂತು ಅಜ್ಜಿ. "ಮುಡಿ ಕೊಡೋ ಗಂಡೈಕ್ಳಿಗೆಲ್ಲ ಇಂಗೇ ಮಾಡಾದು. ಲಂಗ ಉಡ್ಸಿ, ಬಳೆ ತೊಡ್ಸಿ, ಎಣ್ಣುಡ್ಗಿ ಮಾಡಿ ಒಂದ್ಸಲ ಕಣ್ತುಂಬ ನೋಡ್ಬುಡಾದು. ಆಮೇಕೆ ಅವಕ್ಕೆ ಜಡೆ ಎಲ್ಬಂತು?"

ಮಾರನೆಯ ಬೆಳಿಗ್ಗೆ ಜಗುಲಿಯ ಮೇಲೆ ಹೆಂಗಸರೆಲ್ಲ ಸುತ್ತ ಕೂತರು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮೊಗ್ಗನ್ನು ಮೊರಕ್ಕೆ ಸುರಿದರು. ಬಾಳೆಪಟ್ಟೆಯನ್ನು ಜಡೆಯ ಅಗಲಕ್ಕೆ ಸೀಳಿ ಅದರ ಮೇಲೆ ಅವ್ವ ಸೂಜಿಯಲ್ಲಿ ಸಾಲು ಸಾಲಾಗಿ ಮೊಗ್ಗು ಹೊಲಿಯುತ್ತಿದ್ದಳು. ನಾನು ತೊಟ್ಟು ಸರಿಮಾಡಿ ಕೈಗೆ ಕೊಡುತ್ತಿದ್ದೆ. ನಡುವೆ ಕನಕಾಂಬರ ಎಲ್ಲಿ ಬರಬೇಕು ಅಂತ ಅತ್ತೆ ಮತ್ತು ಗೌರಿಯ ಅವ್ವನಿಗೆ ಜಗಳ ಹತ್ತಿತು. ಜಗಳ ಬಗೆಹರಿಸಲು ನನಗೆ ಒಂದು ಉಪಾಯ ಹೊಳೆಯಿತು. ಒಳಗೆ ಓಡಿ, ಮಣೆ ಹತ್ತಿ, ಪಟವನ್ನು ಮೊಳೆಯಿಂದ ಬಿಡಿಸಿಕೊಂಡು ಬಂದು ಅತ್ತೆಯ ತೊಡೆಯ ಮೇಲಿಟ್ಟೆ.

"ನಂಗೆ ಹಾಕಿದ್ರಲ್ಲ, ಇದೇ ತರ ಹಾಕಿ ಅತ್ತೆ!"

ಅತ್ತೆ ಪಟ ಎತ್ತಿಕೊಂಡು ನೋಡಿದಳು. ಮುಖ ಅರಳಿತು. "ಅಯ್ಯೋ ನನ್ನಪ್ಪ! ನಮ್ಮ ಮಾದೇಸನ ಪೋಟ ಇನ್ನೂ ಎಷ್ಟ್ ಚೆಂದಾಗಿ ಮಡಗಿದ್ದೀರ! ಅವತ್ತು ನಾನೇ ಅಲ್ವ ಇವನ್ನ ಎತ್ಕೊಂಡಿದ್ದು. ಲಂಗ ಚುಚ್ತದೆ ಅಂತ ಬಜಾರಲ್ಲಿ ಬಿದ್ದು ಒದ್ದಾಡಿದ್ನಲ್ಲ!"

"ಅದು ನಾನು ಅತ್ತೆ," ಅಂದೆ.

"ನೀನೆಲ್ಲಮ್ಮಿ? ಆಗ ನೀನಿನ್ನೂ ಉಟ್ಟೇ ಇರ್ನಿಲ್ಲ!"

ಜಗುಲಿಯ ತುಂಬ ನಗು. ಗೌರಿಯ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಅತ್ತೆ ತಮಾಷೆ ಮಾಡುತ್ತಿದ್ದಾಳೆ, ಅವ್ವ ಈಗ ಬಾಯಿ ಬಿಡುತ್ತಾಳೆ, 'ಇಲ್ಲ ಕಣೇಳು, ಅದು ನನ್ ಮಗ್ಳೇ' ಅನ್ನುತ್ತಾಳೆ ಅಂತ ಅವಳ ಕಡೆ ತಿರುಗಿದೆ. ಅವ್ವ ಬಗ್ಗಿಸಿದ ತಲೆ ಎತ್ತಲಿಲ್ಲ. ಮೊಗ್ಗಿಗೆ ಸೂಜಿ ಚುಚ್ಚುತ್ತಲೇ ಇದ್ದಳು. ಬಾಗಿಲಲ್ಲಿ ನಿಂತಿದ್ದ ಅಣ್ಣ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದು ಹೋದ. ಆಗ ನನಗೆ ಗೊತ್ತಾಯಿತು. ಗೊತ್ತಿಲ್ಲದೆ ಇದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

"ಹಂಗಾದ್ರೆ ನಂದೆಲ್ಲಿ?"

ಅಜ್ಜಿಯೇ ಅಂತು. "ನಿಂದ್ಯಾಕೆ? ಎಣ್ಣುಡ್ಗಿ ಜಡೆ ಎಲ್ಗೋಯ್ತದೆ? ಇನ್ನೂ ಬೇಕಾದಷ್ಟು ಕಾಲ ಅದೆ, ಯಾವಾಗ್ಲಾದ್ರೂ ತೆಗ್ಸುದ್ರಾಯ್ತು ಅಂತ ಬುಟ್ಟೊ. ಅವನಿಗೆ ಒಂದೇ ಸಲ ಅಲ್ವ?"

ನೋಡಿ, ಎಂಥ ನ್ಯಾಯ! ಜಡೆ ಇಲ್ಲದವನಿಗೆ ಜಡೆಯ ಪಟ, ಜಡೆ ಇರುವವಳಿಗೆ ಬರೀ ಗೋಡೆ. ಆದರೆ ಅದನ್ನು ಹೀಗೆ ಹೇಳುವಷ್ಟು ಬಾಯಿ ಆಗ ನನಗಿರಲಿಲ್ಲ. ಪಟವನ್ನು ಅತ್ತೆಯ ತೊಡೆಯ ಮೇಲೇ ಬಿಟ್ಟು ಕೊಟ್ಟಿಗೆಗೆ ಹೋಗಿ ಹುಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಮಧ್ಯಾಹ್ನ ನನ್ನನ್ನೂ ಸ್ಟುಡಿಯೊಗೆ ಕರೆದುಕೊಂಡು ಹೋದರು, ಮಗುವಿನ ಬಟ್ಟೆಯ ಚೀಲ ಹಿಡಿಯಲು. ಕೆರೆ, ಹಂಸ, ಮೆಟ್ಟಿಲು ಬರೆದ ಪರದೆ ನಾನು ಎಂದೂ ನೋಡಿರಲಿಲ್ಲ. ಮಂಜು ಸ್ಟೂಲಿನ ಮೇಲೆ ಒಂದು ಗಳಿಗೆ ನಿಲ್ಲಲಿಲ್ಲ. ಬಳೆ ಕಿತ್ತು ಎಸೆದ, ಇಳಿಯಲು ಜೋತುಬಿದ್ದ. ಫೋಟೊದವರು, "ಯಾರಾದ್ರೂ ಹಿಂದೆ ಕೂತು ಸೊಂಟ ಹಿಡ್ಕೊಳಿ, ಕಾಣ್ದಂಗೆ ಬಟ್ಟೆ ಮುಚ್ತೀನಿ" ಅಂದರು. ಎಲ್ಲರೂ ನನ್ನ ಕಡೆ ನೋಡಿದರು. ಸ್ಟೂಲಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ತಲೆಯ ಮೇಲೆ ಒಂದು ಶಾಲು ಬಿತ್ತು. ಒಳಗೆ ಕತ್ತಲೆ, ಸೆಕೆ, ಯಾರದೋ ಬೆವರಿನ ವಾಸನೆ. ಹೊರಗೆ ಅಪ್ಪ, ಅವ್ವ, ಅತ್ತೆ ಎಲ್ಲರೂ ಸೇರಿ ಮಂಜುವನ್ನು ನಗಿಸುತ್ತಿದ್ದರು.

ಶಾಲು ತೆಗೆದ ಮೇಲೆ ಅಪ್ಪನ ಪಂಚೆ ಹಿಡಿದು ಕೇಳಿದೆ. "ಅಪ್ಪ, ನಂದೂ ಒಂದು."

"ಈ ತಲೇಲ? ಅತ್ತು ಅತ್ತು ಮೊಕ ನೋಡು ಎಂಗಾಗದೆ. ಮುಂದಿನ ಸಲ ಬರಾನ ಬುಡು."

ಪ್ರಿಂಟು ಬಂದಾಗ ನೋಡಿದೆ. ಮಂಜುವಿನ ಸೊಂಟದ ಮೇಲೆ ನನ್ನ ನಾಲ್ಕು ಬೆರಳು. ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಗುಂಡ್ಲುಪೇಟೆಗೆ ಒಯ್ದಳು.

ಅಣ್ಣನ ಜೊತೆ ಮಾತು ಬಿಟ್ಟೆ. ಅವನೇ ಒಂದು ಸಂಜೆ ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ, ಹ್ಯಾಂಡಲ್ ಉಜ್ಜುತ್ತ ಅಂದ, "ನಾನೇನ್ಮಾಡ್ಲಿ? ಸ್ಕೂಲಲ್ಲಿ ಎಲ್ರೂ ನನ್ನ ಜಡೆ ಮಾದೇಸ ಜಡೆ ಮಾದೇಸ ಅಂತ ಆಡ್ಕೊಳ್ಳೋರು. ಒಡೆದಾಕ್ತೀನಿ ಅಂತ ಕಲ್ಲು ಎತ್ಕೊಂಡಿದ್ದೆ. ಅಜ್ಜಿ ಪಟ ಇಳ್ಸೋಕೆ ಬುಡ್ನಿಲ್ಲ. ಆಗ ಅವ್ವನೇ ಅಂದ್ಲು, ಅದು ತಂಗಿ ಅಂತ ಏಳು ಬುಡು ಅಂತ."

"ನಂಗಾದ್ರೂ ಹೇಳ್ಬೋದಿತ್ತಲ್ಲ ನೀನು."

"ಏಳಿದ್ರೆ ನೀನು ಗೌರಿಗೆ ಏಳ್ತಿದ್ದೆ ಕಣಮ್ಮಿ."

ಅಷ್ಟೇ. ಅವನ ಮಾನ ಉಳಿಸಲು ನನ್ನ ತಲೆಗೆ ಕಟ್ಟಿದ ಸುಳ್ಳು. ಆಮೇಲೆ ಅದೇ ಸುಳ್ಳು ನನಗೆ ಜಡೆ ಹಾಕಿಸದೆ ಇರಲೂ ಅನುಕೂಲಕ್ಕೆ ಬಂತು. ಅವ್ವನನ್ನು ಕೇಳಿದರೆ, "ಈಗೇನ್ ಮುಳುಗೋಯ್ತು? ಒಂದು ಪೋಟಕ್ಕೆ ಇಷ್ಟು ರಂಪವ?" ಅಂದಳು. ಮುಳುಗಿದ್ದು ಏನು ಅಂತ ಅವಳಿಗೆ ತಿಳಿಸಿ ಹೇಳಲು ನನಗೆ ಬರಲಿಲ್ಲ. ಸೊಂಟದ ಎಡಗಡೆ ಚುಚ್ಚಿದ ಜರಿ, ಕೆಂಪು ಗಿಲಕಿ, ಬಸ್ಸಿನಲ್ಲಿ ಅರಳಿದ ಮೊಗ್ಗು, ಎಲ್ಲ ಒಂದೇ ಬೆಳಿಗ್ಗೆಯಲ್ಲಿ ಅಣ್ಣನ ಪಾಲಾಗಿದ್ದವು. ಅಲ್ಲಿಗೂ ನಿಲ್ಲಲಿಲ್ಲ. ಅರಿಶಿನ ಬೇಯಿಸುವ ಕಡೆ ಅಂಬೆಗಾಲಿಟ್ಟು ಹೋಗಿ ಮೈಯೆಲ್ಲ ಹಳದಿ ಮಾಡಿಕೊಂಡಿದ್ದು ನಾನಾ, ಅವನಾ? ಕರುವಿನ ಜೊತೆ ಮಲಗಿದ್ದು ಯಾರು? ಮೊದಲ ಮಾತಾಗಿ 'ತಾತ' ಅಂದಿದ್ದು? ಅವ್ವ ಹೇಳಿದ ಯಾವ ಕತೆಯನ್ನೂ ಆಮೇಲೆ ನಾನು ಪೂರ್ತಿ ನಂಬಲಿಲ್ಲ. ಹನ್ನೊಂದು ವರ್ಷಕ್ಕೇ ತಾಯಿಯ ಮಾತಿನಲ್ಲಿ ಕಲ್ಲು ಹುಡುಕುವುದನ್ನು ಕಲಿತೆ.

ಮುಂದಿನ ಬೇಸಿಗೆ ಅವ್ವ ತಾನಾಗಿಯೇ ಮೊಗ್ಗು ತರಿಸಿದಳು. "ಬಾವ್ವ, ಕೂತ್ಕೊ" ಅಂದಳು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. ನಾನು ತಲೆ ಕೊಡಲಿಲ್ಲ. ಆ ಮೊಗ್ಗೆಲ್ಲ ದೇವರಿಗೆ ಹೋಯಿತು. ನನ್ನ ಮುಖ ಮೊದಲ ಸಲ ಫೋಟೊಗೆ ಬಿದ್ದದ್ದು ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ಟಿಗೆ.

ಈಗ ನಾನು ಚಾಮರಾಜನಗರದಲ್ಲಿ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಅಪ್ಪ, ಅಜ್ಜಿ, ಅತ್ತೆ ಒಬ್ಬರೂ ಇಲ್ಲ. ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ. ಅಣ್ಣ ಭೀಮನಬೀಡಿನಲ್ಲಿ ಹೆಂಡತಿಯ ಕಡೆಯ ಜಮೀನು ನೋಡಿಕೊಂಡಿದ್ದಾನೆ. ಮೊನ್ನೆ ಆ ಪಟವನ್ನು ಫೋನಿನಲ್ಲಿ ಹಿಡಿದು, ಬಣ್ಣ ತುಂಬಿಸಿ, ಮನೆಯವರ ಗ್ರೂಪಿಗೆ ಹಾಕಿದ್ದ. 'ಚಿಕ್ಕಂದಿನಲ್ಲಿ ನಾನು' ಅಂತ ಬರೆದಿದ್ದ. ಒಬ್ಬೊಬ್ಬರೂ ಹೃದಯ ಒತ್ತಿದ್ದೇ ಒತ್ತಿದ್ದು, "ಎಷ್ಟು ಮುದ್ದು!" ಅಂದಿದ್ದೇ ಅಂದಿದ್ದು. ನಾಚಿಕೆ ಅನ್ನಿಸಿದಾಗ ನನ್ನ ಕೊರಳಿಗೆ ಕಟ್ಟಿದ್ದ, ಮೆಚ್ಚುಗೆ ಬರುವ ಕಾಲಕ್ಕೆ ಬಿಚ್ಚಿಕೊಂಡ. ನಾನು ಏನೂ ಒತ್ತಲಿಲ್ಲ.

ನನ್ನ ಮಗಳು ಫೋನು ಹಿಡಿದುಕೊಂಡು ಬಂದಳು. ಅವಳದೇ ಸಾವಿರಾರು ಫೋಟೊ ಅದರಲ್ಲಿವೆ, ಹುಟ್ಟಿದ ಗಳಿಗೆಯಿಂದ. "ಅಮ್ಮ, ಮಾವನದು ಇದೆ. ನಿಂದು ಚಿಕ್ಕವಳಾಗಿದ್ದಾಗಿನದು ಕೊಡು, ನಂದರ ಪಕ್ಕ ಇಟ್ಟು ನೋಡ್ತೀನಿ."

"ನಂದಿಲ್ಲ."

"ಒಂದೂ ಇಲ್ವಾ?"

ಒಂದೂ ಇಲ್ಲ ಅಂದೆ. ಅವಳು ನಂಬಲಿಲ್ಲ. ಸೀದಾ ಅವ್ವನ ಮಂಚದ ಹತ್ತಿರ ಹೋದಳು. "ಅಜ್ಜಿ, ನೀನಾದ್ರೂ ಹೇಳು. ಚಿಕ್ಕೋಳಾಗಿದ್ದಾಗ ಅಮ್ಮ ಹೆಂಗಿದ್ಲು? ನನ್ನ ಹಂಗೇ ಇದ್ಲಾ?"

ಅಡುಗೆಮನೆಯ ಬಾಗಿಲಲ್ಲಿ ನಾನು ಕೈಯಲ್ಲಿದ್ದ ಪಾತ್ರೆ ಹಾಗೇ ಹಿಡಿದು ನಿಂತೆ. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನಾನೇ ಕೇಳಿರಲಿಲ್ಲ, ಹಟಕ್ಕೆ. ಎರಡೇ ಮಾತು ಸಾಕಿತ್ತು. ಮೂಗು ಮೊಂಡಾಗಿತ್ತು ಅನ್ನಲಿ, ಕೂದಲು ಕಡಿಮೆ ಇತ್ತು ಅನ್ನಲಿ, ಕಪ್ಪಗಿದ್ದಳು ಅನ್ನಲಿ. ನಿಜವಾದ ಒಂದು ಮಾತು ಬಂದರೆ ಹಳೆಯದನ್ನೆಲ್ಲ ಬಿಟ್ಟುಕೊಡಲು ನಾನು ತಯಾರಿದ್ದೆ.

ಅವ್ವ ಕಣ್ಣು ಮುಚ್ಚಿ ಯೋಚಿಸಿದಳು. ಮುಖದಲ್ಲಿ ನಗು ಬಂತು.

"ನಿಮ್ಮಮ್ಮನ? ಅಯ್ಯೋ, ದುಂಡು ಮೊಕ ಕಣವ್ವ. ಕೆನ್ನೆ ಮ್ಯಾಲೆ ದೃಷ್ಟಿಬೊಟ್ಟು. ಮೊಗ್ಗಿನ ಜಡೆ ಹಾಕ್ಸಿ ಲಂಗ ಉಡ್ಸಿದ್ದೊ. ಚುಚ್ತದೆ ಅಂತ ಎಂಗೆ ಅತ್ಲು ಅಂದೀಯ..."

ಮಗಳು ನನ್ನ ಕಡೆ ನೋಡಿದಳು. ಅವ್ವ ಈ ಸಲ ಸುಳ್ಳು ಹೇಳುತ್ತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವಳಿಗೆ ಹಾಗೆಯೇ ನೆನಪಿತ್ತು. ನನ್ನ ಎರಡು ವರ್ಷದ ಮುಖವನ್ನು ಕಂಡಿದ್ದ ಮನೆಯ ಹಿರಿಯರಲ್ಲಿ ಅದನ್ನು ಹೇಳಬಲ್ಲವಳು ಅವ್ವ ಒಬ್ಬಳೇ ಉಳಿದಿದ್ದಳು. ಅವಳ ಕಣ್ಣಿನಲ್ಲೂ ಈಗ ನಾನಿಲ್ಲ, ಮಾದೇಶನೇ ಕೂತಿದ್ದಾನೆ.