ಅಳತೆ ಪುಸ್ತಕದಲ್ಲಿ ಕುದುರೆಯ ಪುಟ

ಆ ಬೀದಿಯಲ್ಲಿ ಯಾರು ಬಸುರಿ ಎಂಬುದು ಮೊದಲು ಗೊತ್ತಾಗುತ್ತಿದ್ದುದು ಗಂಡನಿಗಲ್ಲ, ಅತ್ತೆಗಲ್ಲ, ಟೇಪಮ್ಮನಿಗೆ. ಎಷ್ಟೋ ಸಲ ಬಸುರಿಗೇ ಗೊತ್ತಿರುತ್ತಿರಲಿಲ್ಲ. ಅಂಗಿ ಹೊಲಿಸಲು ಬಂದವಳ ಸೊಂಟಕ್ಕೆ ಟೇಪು ಸುತ್ತಿ, ಪುಸ್ತಕದಲ್ಲಿ ಹೋದ ಸಲದ ಪುಟ ತಿರುವಿ ನೋಡಿ, "ಒಳಗೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಟ್ಟಿರ್ತೀನಿ" ಎನ್ನುವಳು. ಅಷ್ಟೇ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿರುವವಳ ಬಾಯಿಂದ ಗುಟ್ಟು ಹೊರಬೀಳುವುದಾದರೂ ಹೇಗೆ? ಮೂವತ್ತು ವರ್ಷದಲ್ಲಿ ಒಂದೂ ಬಿದ್ದಿರಲಿಲ್ಲ.

ಅವಳ ಕಣ್ಣಳತೆಯ ಬಗ್ಗೆ ಕತೆಗಳೇ ಇದ್ದವು. ಎದುರು ಮಹಡಿಯಲ್ಲಿ ಬಟ್ಟೆ ಒಣಹಾಕುವವಳ ತೋಳಿನ ಉದ್ದವನ್ನು ಕೂತಲ್ಲಿಂದಲೇ ಹೇಳುವಳು. ಒಮ್ಮೆ ಮೋಡವೊಂದರ ಸುತ್ತಳತೆ ಹೇಳಿದ್ದಳಂತೆ, ಕೂದಲೆಳೆಯಷ್ಟೂ ತಪ್ಪಿರಲಿಲ್ಲವಂತೆ. ಇದು ಸ್ವಲ್ಪ ಹೆಚ್ಚಾಯಿತು. ಕಾಲಂಗುಲ ತಪ್ಪಿತ್ತೆಂದು ಬಲ್ಲವರು ಹೇಳುತ್ತಾರೆ. ದೋಷ ಒಂದೇ, ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವಳಲ್ಲ. ಮದುವೆಗೆಂದು ಹೊಲಿಯಲು ಕೊಟ್ಟ ಅಂಗಿಯನ್ನು ಮಗುವನ್ನು ಶಾಲೆಗೆ ಸೇರಿಸುವ ದಿನ ತೊಟ್ಟವರಿದ್ದಾರೆ.

ಅವಳ ಗಂಡ ಬ್ರೆಡ್ಡಿನ ಗಾಡಿಯವನು. ಬೇಕರಿಯಿಂದ ಬ್ರೆಡ್ಡು ಹೇರಿಕೊಂಡು ಅಂಗಡಿ ಅಂಗಡಿಗೆ ಹಾಕುವುದು ಅವನ ಕೆಲಸ. ಅವನ ಹಳೆಯ ಕುದುರೆ ಎಷ್ಟು ನಿಧಾನವೆಂದರೆ, ಬಿಸಿ ಬ್ರೆಡ್ಡು ಹೇರಿ ಹೊರಟರೆ ಕೊನೆಯ ಅಂಗಡಿ ಮುಟ್ಟುವಾಗ ಅದು ರಸ್ಕ್ ಆಗಿರುತ್ತಿತ್ತು. ಆ ಕುದುರೆ ವಯಸ್ಸಾಗಿ ಕಣ್ಣು ಮುಚ್ಚಿದ ಮೇಲೆ, ಹೊಲಮನೆ ಬಿಟ್ಟು ಪೇಟೆಯಲ್ಲಿ ಇರಲು ಹೊರಟಿದ್ದ ಅವನ ಅಕ್ಕ ತನ್ನ ಕಂದು ಬಣ್ಣದ ಹೆಣ್ಣುಕುದುರೆಯನ್ನು ತಮ್ಮನಿಗೆ ಕೊಟ್ಟುಬಿಟ್ಟಳು. ಹೊಲಿಗೆ ಕೋಣೆಯ ಹಿಂದಿನ ಕೊಟ್ಟಿಗೆಯೇ ಅದರ ಮನೆ. ನಡುವೆ ಒಂದು ಕಿಟಕಿ. ಬಂದ ದಿನವೇ ಅದು ಕಿಟಕಿಯಲ್ಲಿ ಮೂತಿ ತೂರಿಸಿ, ಗುರುತು ಹಾಕುವ ಸೀಮೆಸುಣ್ಣವನ್ನು ಕಟಕಟ ಕಡಿದು ನುಂಗಿ, ಬಿಳಿ ತುಟಿ ಮಾಡಿಕೊಂಡು ಟೇಪಮ್ಮನನ್ನೇ ನೋಡುತ್ತ ನಿಂತಿತು.

ಮೂರನೇ ವಾರಕ್ಕೆ ಗಂಡ ಕುದುರೆಯ ಹೊಟ್ಟೆಪಟ್ಟಿ ಹಿಡಿದುಕೊಂಡು ಒಳಗೆ ಬಂದ. ಪಟ್ಟಿ ಕೊನೆಯ ತೂತಿಗೂ ಎಟುಕುತ್ತಿಲ್ಲ, ಒಂದು ಗೇಣು ಚರ್ಮ ಸೇರಿಸಿ ಹೊಲಿದುಕೊಡು ಎಂದ. ಟೇಪಮ್ಮನ ಕೈ ನಿಂತಿತು. ಬಟ್ಟೆ ಬಿಗಿಯಾಯಿತು, ಸಡಿಲಿಸಿಕೊಡು ಎಂದು ಬಂದವರನ್ನು ಅವಳು ಎಷ್ಟು ನೋಡಿಲ್ಲ. ಒಂದು ಟೇಪು ಸಾಲದೆಂದು ಎರಡನ್ನು ಸೂಜಿಯಿಂದ ಸೇರಿಸಿಕೊಂಡು ಕೊಟ್ಟಿಗೆಗೆ ಹೋದಳು. ಅಭ್ಯಾಸಬಲದಿಂದ ಕೊರಳು, ಎದೆ, ಹೊಟ್ಟೆ, ಹೊಟ್ಟೆಯಿಂದ ನೆಲಕ್ಕೆ ಎಷ್ಟು, ಎಲ್ಲವನ್ನೂ ಅಳೆದು ಪುಸ್ತಕದಲ್ಲಿ ಹೊಸ ಪುಟ ತೆರೆದಳು. ಹೊಟ್ಟೆ ಎಂಬತ್ತನಾಲ್ಕು ಅಂಗುಲ. ಅಂದಿನಿಂದ ಪ್ರತಿ ಭಾನುವಾರ ಹೊಟ್ಟೆಯ ಸುತ್ತ ಟೇಪು ಹಿಡಿದಳು. ಎಂಬತ್ತೈದು, ಎಂಬತ್ತೇಳು, ಎಂಬತ್ತೊಂಬತ್ತು.

ಮೂವತ್ತು ವರ್ಷದಲ್ಲಿ ಮೊದಲ ಸಲ ಟೇಪಮ್ಮ ಬಾಯಿಂದ ಸೂಜಿಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟಳು.

"ರೀ, ಕುದುರೆ ಗಬ್ಬ ಆಗಿದೆ."

ಮೊದಲ ಸಲ ಬಾಯಿ ಬಿಟ್ಟರೆ ಒಬ್ಬರೂ ನಂಬಲಿಲ್ಲ. ಗಂಡನ ಅಕ್ಕ ಫೋನಿನಲ್ಲಿ, ಆ ಕುದುರೆ ಗಂಡು ಕುದುರೆಯನ್ನು ಚಿತ್ರದಲ್ಲೂ ಕಂಡಿಲ್ಲ ಎಂದಳು. ಪಕ್ಕದ ಮನೆಯ ನಾಯಿಗೆ ಸೂಜಿ ಹಾಕಲು ಬಂದಿದ್ದ ಪಶುವೈದ್ಯ ಗೋಡೆಯಾಚೆಯಿಂದಲೇ ಇಣುಕಿ ಹುಲ್ಲುಹೊಟ್ಟೆ ಎಂದ. ಒಳಗೆ ಬಂದು ಕೈಯಿಟ್ಟು ನೋಡಿ ಎಂದು ಇವಳು ಕೇಳಿದ್ದಕ್ಕೆ ಗುರುವಾರ ಬರುತ್ತೇನೆಂದು ಸ್ಕೂಟರ್ ಹತ್ತಿದವನು ಮತ್ತೆ ಬರಲೇ ಇಲ್ಲ. ಬೇಕರಿಯವನಂತೂ ಎದೆಯುಬ್ಬಿಸಿಕೊಂಡ. ಉಳಿದ ಬ್ರೆಡ್ಡೆಲ್ಲ ಆ ಕುದುರೆಗೇ ಹೋಗುತ್ತಿತ್ತಲ್ಲ, ತನ್ನ ಹಿಟ್ಟಿನ ಹದ ಅಂಥದ್ದು, ಹೊಟ್ಟೆ ಸೇರಿದ ಮೇಲೂ ಉಬ್ಬುತ್ತದೆ ಎಂದ.

ನಗುವವರು ನಗಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಹಿಟ್ಟಿನ ಗಿರಣಿಯವನು ಗುಡ್ಡದ ಮೇಲೆ ಹೊಸ ಕಟ್ಟಡ ಕಟ್ಟಿಸಿದ್ದ. ಮೂಟೆಗಳನ್ನೂ ಬೀಸುವ ಕಲ್ಲುಗಳನ್ನೂ ನಾಲ್ಕು ದಿನದಲ್ಲಿ ಮೇಲಕ್ಕೆ ಸಾಗಿಸಿಕೊಡುತ್ತೇನೆಂದು ಗಂಡ ಮಾತು ಕೊಟ್ಟಿದ್ದ. ಸೋಮವಾರ ಶುರು. ಆ ಏರು ಎಂಥದ್ದೆಂದರೆ ಅಲ್ಲಿ ಬರಿಗೈಯಲ್ಲಿ ಹತ್ತುವವನ ನೆರಳೂ ಅರ್ಧದಲ್ಲೇ ಕೂತುಬಿಡುತ್ತಿತ್ತು. ತುಂಬಿದ ಹೊಟ್ಟೆಯಲ್ಲಿ ಕಲ್ಲು ಎಳೆದರೆ ಮರಿಯೂ ಉಳಿಯುವುದಿಲ್ಲ, ತಾಯಿಯೂ ಉಳಿಯುವುದಿಲ್ಲ ಎಂದು ಟೇಪಮ್ಮ ಹೇಳಿದಳು. ಕೊಟ್ಟ ಮಾತಿಗೆ ತಪ್ಪಿದರೆ ನಾಳೆ ಯಾರು ಕೆಲಸ ಹೇಳುತ್ತಾರೆ ಎಂದು ಅವನು ಕೇಳಿದ. ಅದೂ ಸುಳ್ಳಲ್ಲ. ಕೊನೆಗೆ ಒಪ್ಪಂದವಾಯಿತು: ಭಾನುವಾರ ಅಳೆಯುವುದು. ಹೊಟ್ಟೆ ಬೆಳೆದಿದ್ದರೆ ಗಾಡಿ ಹೂಡುವುದಿಲ್ಲ, ಬೆಳೆಯದಿದ್ದರೆ ಹೂಡುವುದು.

ಭಾನುವಾರ ಬೆಳಿಗ್ಗೆ ಟೇಪಮ್ಮ ಅಳೆದಳು. ಎಂಬತ್ತೇಳು. ಮತ್ತೆ ಅಳೆದಳು. ಅಷ್ಟೇ. ಹೋದ ವಾರಕ್ಕಿಂತ ಎರಡು ಅಂಗುಲ ಕಡಿಮೆ. ಗಂಡ ನಕ್ಕಿದ್ದರೆ ಚೆನ್ನಾಗಿತ್ತು, ಅವನು ನಗಲಿಲ್ಲ.

"ಹುಲ್ಲು ಇಳೀತು ಬಿಡೆ. ಎಲ್ಲರಿಗೂ ಒಂದೊಂದ್ಸಲ ಅಳತೆ ತಪ್ಪುತ್ತೆ," ಎಂದು ಮೆತ್ತಗೆ ಹೇಳಿ, ಹಗ್ಗಗಳನ್ನು ಸರಿಮಾಡಿಕೊಳ್ಳಲು ಗಿರಣಿಗೆ ಹೋದ.

ತಪ್ಪುತ್ತೆ ಎಂಬ ಮಾತು ಮುಳ್ಳಿನಂತೆ ಕೂತಿತು. ಟೇಪಮ್ಮ ಹೊಲಿಗೆ ಕೋಣೆಯಲ್ಲಿ ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡು ಒಂದೊಂದೇ ಪುಟ ತಿರುವಿದಳು. ಅರ್ಧ ಊರಿನ ಸೊಂಟಗಳು ಅವುಗಳಲ್ಲಿದ್ದವು. ಮಧ್ಯಾಹ್ನದ ಹೊತ್ತಿಗೆ ಸ್ವಂತ ಮಗಳ ಪುಟ ಸಿಕ್ಕಿತು. ಚೊಚ್ಚಲ ಬಸುರಿ ಮಗಳಿಗೆ ಹೊಲಿದ ನಿಲುವಂಗಿ. ತುಂಬಿದ ತಿಂಗಳಲ್ಲಿ ಒಮ್ಮೆ ಅದು ಇದ್ದಕ್ಕಿದ್ದಂತೆ ಮೇಲೆ ದೊಗಳೆಯಾಗಿ ಕೆಳಗೆ ಬಿಗಿಯಾಗಿತ್ತು. ತನ್ನದೇ ಕೈಬರಹದಲ್ಲಿ ಅಂಚಿನಲ್ಲಿ ಬರೆದಿದ್ದಳು: ಸುತ್ತಳತೆ ಒಂದೂವರೆ ಕಮ್ಮಿ, ಹೊಟ್ಟೆ ಜಾರಿದೆ. ಅದಾದ ಮಾರನೆಯ ದಿನ ಮೊಮ್ಮಗಳು ಹುಟ್ಟಿದ್ದಳು.

ಟೇಪಮ್ಮ ಎದ್ದವಳೇ ಕೊಟ್ಟಿಗೆಗೆ ಹೋದಳು. ಈ ಸಲ ಸುತ್ತ ಅಳೆಯಲಿಲ್ಲ. ಮಂಡಿಯೂರಿ ಕೂತು ಹೊಟ್ಟೆಯಿಂದ ನೆಲಕ್ಕೆ ಟೇಪು ಇಳಿಬಿಟ್ಟಳು. ಮೊದಲ ದಿನಕ್ಕಿಂತ ಮೂರು ಅಂಗುಲ ಕಡಿಮೆ. ಹೊಟ್ಟೆ ಕರಗಿರಲಿಲ್ಲ, ಕೆಳಗೆ ಇಳಿದಿತ್ತು. ಬಾಲದ ಬುಡ ಒತ್ತಿದರೆ ನೆನೆಸಿದ ಬಟ್ಟೆಯಷ್ಟು ಮೆತ್ತಗೆ. ಕೆಚ್ಚಲ ತುದಿಯಲ್ಲಿ ಮೇಣದಂಥ ಎರಡು ಹನಿ. ಕುದುರೆ ತಿರುಗಿ, ಇಷ್ಟು ತಡವಾಗಿ ಗೊತ್ತಾಯಿತೇ ಎಂಬಂತೆ ನೋಡಿತು.

ಗಂಡನಿಗೆ ಹೇಳಿದರೆ ಒಪ್ಪಂದ ಒಪ್ಪಂದವೇ ಎನ್ನುತ್ತಾನೆ, ಅದು ಅವಳಿಗೆ ಗೊತ್ತು. ಹೇಳಲಿಲ್ಲ. ಗಾಡಿಯ ಸಾಮಾನನ್ನೆಲ್ಲ ಮೇಜಿನ ಮೇಲೆ ಹಾಕಿಕೊಂಡು ಹೊಲಿಗೆ ಬಿಚ್ಚುವ ಕತ್ತಿ ಹಿಡಿದಳು. ಎದೆಪಟ್ಟಿ, ಹೊಟ್ಟೆಪಟ್ಟಿ, ಎಳೆಯುವ ಪಟ್ಟಿ, ಒಂದನ್ನೂ ಬಿಡಲಿಲ್ಲ. ಹೊಲಿಯುವುದಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳುವ ಕೈ ಬಿಚ್ಚುವುದನ್ನು ಸಂಜೆ ದೀಪ ಹಾಕುವುದರೊಳಗೆ ಮುಗಿಸಿತು.

ಸೋಮವಾರ ಬೆಳಿಗ್ಗೆ ಗಾಡಿ ಹೂಡಲು ಬಂದ ಗಂಡನಿಗೆ ಸಿಕ್ಕಿದ್ದು ಚರ್ಮದ ನಲವತ್ತು ತುಂಡುಗಳು, ಅಂದವಾಗಿ ಮಡಚಿ, ದಾರ ಕಟ್ಟಿ, ಒಂದೊಂದಕ್ಕೂ ಚೀಟಿ ಸಿಕ್ಕಿಸಿದ್ದವು.

"ಏನೇ ಇದು?"

"ಆಲ್ಟರೇಶನ್‌ಗೆ ಬಂದಿದೆ."

"ಅಳತೆ ಕಮ್ಮಿ ಬಂತು ಅಂತ ನೀನೇ ಒಪ್ಕೊಂಡ್ಯಲ್ಲೇ."

"ಸುತ್ತ ಕಮ್ಮಿ ಆಯ್ತು, ನೆಲಕ್ಕೆ ಹತ್ರ ಆಯ್ತು. ಇವತ್ತು ಇಲ್ಲ ನಾಳೆ ಮರಿ ಹಾಕುತ್ತೆ. ನಿಮ್ಮ ಮಾತು ನಡೀಬೇಕು ಅಂದ್ರೆ ನೀವೇ ಗಾಡಿಗೆ ಹೆಗಲು ಕೊಡಿ. ನಿಮ್ಮ ಅಳತೆನೂ ನನ್ನ ಹತ್ರ ಇದೆ, ಪಟ್ಟಿ ಹೊಲಿದುಕೊಡ್ತೀನಿ."

ಅವನು ಅವಳನ್ನೂ ಚೀಟಿಗಳನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡು ಗಿರಣಿಯತ್ತ ನಡೆದ. ಬೀದಿಗೆಲ್ಲ ಸುದ್ದಿಯಾಯಿತು. ಟೇಪಮ್ಮ ದಿನ ಹೇಳಿದ್ದಾಳಂತೆ, ಹಾಗಾದರೆ ಮರಿ ಮುಂದಿನ ವರ್ಷ ಎಂದು ಎದುರು ಮಹಡಿಯವಳು ಕೂಗಿ ಹೇಳಿದಳು. ಟೇಪಮ್ಮ ಸ್ಟೂಲು ಎಳೆದುಕೊಂಡು ಕಿಟಕಿಯ ಮುಂದೆ ಕೂತಳು. ಕುದುರೆ ಅವಳನ್ನು ನೋಡಿತು, ಅವಳು ಕುದುರೆಯನ್ನು ನೋಡಿದಳು. ಎರಡು ಗಂಟೆ ಹೀಗೇ ಕಳೆಯಿತು. ಇಬ್ಬರಲ್ಲಿ ಯಾರೂ ಸೋಲುವಂತೆ ಕಾಣಲಿಲ್ಲ.

ಹತ್ತು ಗಂಟೆಗೆ ಶಾಲೆಯ ಟೀಚರಮ್ಮ ಅಂಗಿ ತೊಟ್ಟು ನೋಡಲು ಬಂದಳು. ಅವಳ ಭುಜಕ್ಕೆ ಸೂಜಿ ಹಾಕಲು ಟೇಪಮ್ಮ ಕಿಟಕಿಗೆ ಬೆನ್ನು ಮಾಡಿದ್ದೇ ತಡ, ಹಿಂದೆ ಧೊಪ್ಪನೆ ಸದ್ದಾಯಿತು. ಕುದುರೆ ಹುಲ್ಲಿನ ಮೇಲೆ ಮಲಗಿತ್ತು. ಬೆಳ್ಳಗಿನ ಪೊರೆಯೊಳಗೆ ಎರಡು ಗೊರಸು, ಅದರ ಮೇಲೆ ಒಂದು ಮೂತಿ. ಟೇಪಮ್ಮ ಓಡಿದಳು. ಅರ್ಧ ಅಂಗಿಯಲ್ಲೇ ಟೀಚರಮ್ಮನೂ ಓಡಿದಳು.

ಗಂಡ ಹನ್ನೊಂದಕ್ಕೆ ವಾಪಸು ಬಂದ. ಗಿರಣಿಯವನು ಎರಡು ಮಾತು ಬೈದು ಲಾರಿಗೆ ಹೇಳಿಕಳಿಸಿದ್ದ. ಇನ್ನೆರಡು ಮಾತು ತಾನು ಹೆಂಡತಿಗೆ ಬೈಯುವುದೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದವನು ಕೊಟ್ಟಿಗೆಯ ಬಾಗಿಲಲ್ಲಿ ನಿಂತುಬಿಟ್ಟ. ಇನ್ನೂ ಒದ್ದೆಯಾಗಿದ್ದ ಮರಿಯೊಂದು, ಯಾರದೋ ಕಾಲುಗಳನ್ನು ತಪ್ಪಿ ಹಾಕಿಕೊಂಡು ಬಂದಂತೆ, ನಾಲ್ಕನ್ನೂ ನಾಲ್ಕು ದಿಕ್ಕಿಗೆ ಚಾಚಿ ನಿಂತಿತ್ತು. ಟೇಪಮ್ಮ ಅದರ ಎದೆಯ ಸುತ್ತ ಟೇಪು ಹಿಡಿದಿದ್ದಳು.

ಸಂಜೆ ಅಕ್ಕನ ಫೋನು ಬಂತು. ಹೋದ ವರ್ಷ ಒಂದು ಬೆಳಿಗ್ಗೆ ಪಕ್ಕದ ಹೊಲದ ಗಂಡು ಕುದುರೆ ತನ್ನ ಹೊಲದ ಬೇಲಿಯೊಳಗೆ ನಿಂತಿದ್ದುದು ಅವಳಿಗೆ ಈಗ ನೆನಪಾಗಿತ್ತು. ಊಟದ ಮೇಜಿನ ಕೆಳಗೆ ನುಸುಳುವಷ್ಟು ಗಿಡ್ಡ, ಅದರಿಂದೇನಾದೀತೆಂದು ಬಿಟ್ಟಿದ್ದಳಂತೆ.

ಮಾರನೆಯ ದಿನದಿಂದ ಬ್ರೆಡ್ಡು ಸೈಕಲ್ ಮೇಲೆ ಹೋಯಿತು. ಜೀವನದಲ್ಲಿ ಮೊದಲ ಸಲ ಬಿಸಿ ಬ್ರೆಡ್ಡು ಸಿಕ್ಕ ಕೊನೆಯ ಅಂಗಡಿಯವನು, ರಸ್ಕ್ ಎಲ್ಲಿ ಎಂದು ಜಗಳಕ್ಕೆ ಬಂದ. ವಾರ ಕಳೆದ ಮೇಲೆ ಗಂಡ ಹೊಲಿಗೆ ಕೋಣೆಗೆ ಬಂದು, ಗಾಡಿಯ ಸಾಮಾನು ಯಾವಾಗ ಸಿಗುತ್ತದೆಂದು ತಗ್ಗಿದ ದನಿಯಲ್ಲಿ ಕೇಳಿದ. ಟೇಪಮ್ಮ ಬಾಯಲ್ಲಿ ಸೂಜಿ ಕಚ್ಚಿಕೊಂಡೇ, ಬೇರೆ ಗಿರಾಕಿಗಳಿಗೆ ಬರೆದಂತೆ ಒಂದು ಚೀಟಿ ಬರೆದು ಮುಂದೆ ಚಾಚಿದಳು. ಮರಿ ಕಡಿಮೆಯೆಂದರೂ ಮೂರು ತಿಂಗಳು ತಾಯಿಯ ಹಿಂದೆ ಓಡಾಡಬೇಕೆಂದು ಅವಳು ಲೆಕ್ಕ ಹಾಕಿದ್ದಳು. ಚೀಟಿಯಲ್ಲಿದ್ದುದು ಮೂರು ತಿಂಗಳಾಚೆಯ ತಾರೀಖು. ಹೆಂಡತಿಯ ತಾರೀಖುಗಳನ್ನು ಬಲ್ಲ ಗಂಡ ಅದನ್ನು ಆರು ಎಂದು ಓದಿಕೊಂಡು ಜೇಬಿಗಿಟ್ಟು, ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯಲು ಹೋದ.