ತಟ್ಟೆ ಹಿಡಿದು ನಿಂತ ಮಗಳು

ದೋಸೆ ಮಗುಚುತ್ತಿದ್ದವಳು ತಿರುಗಿ ನೋಡಿದರೆ, ಅಡುಗೆಮನೆ ಬಾಗಿಲಲ್ಲಿ ನನ್ನ ಮಗಳು ಸಿಂಚನಾ ತಟ್ಟೆ, ಲೋಟ ಹಿಡಿದು ಸುಮ್ಮನೆ ನಿಂತಿದ್ದಳು. ಆಗಲೇ ಸ್ನಾನ ಮುಗಿಸಿ, ಹಾಸಿಗೆ ಮಡಿಸಿಟ್ಟು, ಎರಡು ಜಡೆ ಹಾಕಿಕೊಂಡಿದ್ದಳು. ಈ ವರ್ಷವಷ್ಟೇ ನಂಜನಗೂಡಿನ ಹಾಸ್ಟೆಲ್ ಸೇರಿದವಳು, ದಸರಾ ರಜೆಗೆಂದು ಹಿಂದಿನ ಸಂಜೆ ಹೆಮ್ಮಿಗೆಗೆ ಬಂದಿದ್ದಳು.

"ಯಾಕ್ ಮಗ ನಿಂತ್ಕೊಂಡೆ?" ಎಂದೆ.

"ತಿಂಡಿಗೆ ಲೈನು ಅಲ್ವೇನವ್ವಾ?" ಅಂದಳು.

ಮೊದಲೆಲ್ಲ ಇವಳನ್ನು ಎಬ್ಬಿಸಲು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದವಳು ನಾನು. ಈಗ ನೋಡಿದರೆ, ಹೆತ್ತ ಮಗಳು ನನ್ನ ಮನೆಗೇ ನೆಂಟರ ಹಾಗೆ ಬಂದಳಲ್ಲಾ!

ಅಷ್ಟರಲ್ಲಿ ಜಗುಲಿ ಮೇಲಿದ್ದ ನಮ್ಮತ್ತೆ ಮಂಡಿ ಹಿಡಿದುಕೊಂಡು ಎದ್ದು ಬಂದರು. ತಮ್ಮದೂ ಒಂದು ತಟ್ಟೆ ತಗೊಂಡು ಮೊಮ್ಮಗಳ ಬೆನ್ನಿಗೇ ನಿಂತರು.

"ಬಿರ್ನೆ ಇಕ್ಕವ್ವಾ, ಇಂದೆ ಜನ ಕಾಯ್ತಾವ್ರೆ!"

ಅವರ ಹಿಂದೆ ಇದ್ದದ್ದು ಬೆಕ್ಕು ಮಾತ್ರ. ಸಿಂಚನಾ ತಿರುಗಿ ನೋಡಿ ಬಿದ್ದು ಬಿದ್ದು ನಕ್ಕಳು. ಬಂದ ಮೇಲೆ ಅವಳು ಬಾಯಿ ಬಿಟ್ಟು ನಕ್ಕಿದ್ದು ಅದೇ ಮೊದಲು.

ರಜೆ ಮುಗಿದು ಹೊರಡುವ ಬೆಳಿಗ್ಗೆ ಟೀವಿ ಮುಂದೆ ಕೂತು ದೋಸೆ ತಿಂದವಳು, ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದಳು. ಬಸ್ಸು ಹತ್ತಿಸಿ ಬಂದು ನೋಡಿದರೆ ತಟ್ಟೆಯಂಚಿನಲ್ಲಿ ಚಟ್ನಿ ಒಣಗಿತ್ತು. ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಅವತ್ತು ಅದನ್ನು ತೊಳೆಯುತ್ತಾ ಒಬ್ಬಳೇ ನಕ್ಕೆ. ಮಗಳು ಮನೆಗೇ ಬಂದು ಹೋಗಿದ್ದಳು.