ಕಟ್ಟೆಯ ಮೇಲಿನ ಸ್ಪ್ರಿಂಗು, ಕಟ್ಟೆಯ ಕೆಳಗಿನ ಸ್ಪ್ರಿಂಗು

ನಮ್ಮ ಅಡುಗೆಮನೆಯಲ್ಲಿ ಬೆಲ್ಲ, ಹುಣಸೆಹಣ್ಣುಗಳ ತೂಕವನ್ನಷ್ಟೇ ಬಲ್ಲ ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯಿದೆ. ಕಳೆದ ಮಾಘದ ಒಂದು ಮಧ್ಯಾಹ್ನ ಅದರ ಮೇಲೆ ಕಿರುಬೆರಳಿಗಿಂತಲೂ ಗಿಡ್ಡನೆಯ ಉಕ್ಕಿನ ಸುರುಳಿಯೊಂದು ನಿಂತಿತ್ತು. ಕಿಟಕಿಯಾಚೆ ದುರ್ಗದ ಬಂಡೆಗಳು ಬಿಸಿಲು ಹೀರುತ್ತ ತೂಕಡಿಸುತ್ತಿದ್ದವು. ಅವುಗಳಿಗೂ ಆಚೆ, ಗುಡ್ಡದ ನೆತ್ತಿಯಲ್ಲಿ, ಗಾಳಿಯಂತ್ರಗಳು ನಿದ್ದೆಯಲ್ಲಿ ಏನನ್ನೋ ಹುಡುಕುವ ಕೈಗಳಂತೆ ಸಾವಕಾಶವಾಗಿ ತಿರುಗುತ್ತಿದ್ದವು. ತೂಕಕ್ಕೂ ತೂಕಡಿಕೆಗೂ ನಂಟಿರುವುದು ಸುಮ್ಮನೆ ಅಲ್ಲವೆಂದು ನಾನು ಅಂದುಕೊಳ್ಳುತ್ತಿರುವಾಗಲೇ ಎದುರಿನಿಂದ ಗದರಿಕೆ ಬಂತು:

"ಫ್ಯಾನ್ ಆರ್ಸ್ರಿ ಅಕ್ಕ, ಅಂಕಿ ಕುಣೀತಾ ಅವೆ!"

ಗದರಿದವಳು ಮಾರಕ್ಕ. ಹೊಳಲ್ಕೆರೆಯಲ್ಲಿ ಕೈಗಾರಿಕಾ ತರಬೇತಿ ಕೊಡುವ ಸಂಸ್ಥೆಯೊಂದರಲ್ಲಿ ಫಿಟ್ಟರ್ ವಿಭಾಗದ ಬೋಧಕಿ, ವಯಸ್ಸು ಮೂವತ್ತನಾಲ್ಕು. ಅವಳನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಊರಮ್ಮನ ಹೆಸರು ಹಾಜರಿ ಪುಸ್ತಕಕ್ಕೆ ಒಪ್ಪದೆಂದುಕೊಂಡು 'ಮಾಲಾ' ಎಂದು ಬರೆದುಕೊಂಡರು. ಹೆಸರನ್ನು ಕದಿಯುವುದೂ ಕಳ್ಳತನವೇ. ಆದರೆ ಆ ದೂರನ್ನು ಬರೆದುಕೊಳ್ಳುವ ಠಾಣೆ ಇನ್ನೂ ಹುಟ್ಟಿಲ್ಲ. ಹಾಸ್ಟೆಲಿನ ಹುಡುಗಿಯರಿಗೆ ಕುಡಿಯುವ ನೀರು ಬೇಕೆಂದು ನಾವು ಧರಣಿ ಕುಳಿತ ಕಾಲದಲ್ಲಿ ನನ್ನ ಪಕ್ಕದಲ್ಲಿ ಕುಳಿತವಳು, ಅಂದಿನಿಂದ ನನ್ನನ್ನು ಅಕ್ಕನೆಂದು ಕರೆಯುತ್ತಾಳೆ. ಧರಣಿ ನನ್ನ ಹವ್ಯಾಸವಾಗಿ ಉಳಿಯಿತು. ಅವಳ ಹವ್ಯಾಸವೋ, ರಿಮೋಟಿನಿಂದ ಓಡಿಸುವ ರೇಸಿನ ಕಾರು. ಆಟಿಕೆಯೆಂದು ನಕ್ಕೀರಿ, ಗೆಳೆಯರೇ, ಜೋಕೆ. ಮೊರದಷ್ಟು ಉದ್ದದ ಆ ಕಾರಿಗೆ ನಾಲ್ಕು ಚಕ್ರ, ಚಕ್ರಕ್ಕೊಂದು ಕುಲುಕು ತಡೆಯುವ ಶಾಕ್, ಶಾಕಿಗೊಂದು ಸ್ಪ್ರಿಂಗು. ಆ ಸ್ಪ್ರಿಂಗು ಎಷ್ಟು ಮೆತ್ತಗೆ, ಎಷ್ಟು ಗಟ್ಟಿ ಎಂಬುದರ ಮೇಲೆ ಕಾರು ನೆಲವನ್ನು ಹಿಡಿಯುತ್ತದೋ, ನೆಲದಿಂದ ಸಿಡಿಯುತ್ತದೋ ಎಂಬುದು ನಿರ್ಧಾರವಾಗುತ್ತದೆ.

ಸ್ಪ್ರಿಂಗುಗಳಿಗೆ ಕಂಪನಿಯವರು ಬಣ್ಣ ಬಳಿದಿರುತ್ತಾರೆ. ಒಬ್ಬರ ಹಳದಿ ಮೆತ್ತಗಿದ್ದರೆ ಇನ್ನೊಬ್ಬರ ಹಳದಿ ಬಿಗಿ. ಹೀಗಾಗಿ ಮಾರಕ್ಕ ಬಣ್ಣವನ್ನು ನಂಬುವುದಿಲ್ಲ. ತಕ್ಕಡಿಯ ಮೇಲೆ ಸ್ಪ್ರಿಂಗನ್ನು ನಿಲ್ಲಿಸಿ, ಮೇಲಿನಿಂದ ತಿರುಪೊಂದನ್ನು ಇಳಿಸಿ, ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಅಮುಕಿ, ತಕ್ಕಡಿ ಎಷ್ಟು ಗ್ರಾಮು ತೋರಿಸುತ್ತದೆಂದು ನೋಡುತ್ತಾಳೆ. ಅವಳು ಹೇಳುವುದು, ನಾನು ಬರೆದುಕೊಳ್ಳುವುದು. ಎಲ್ಲವನ್ನೂ ಒಂದೇ ಅಳತೆಗೆ ಒತ್ತಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಈ ಸರಳ ನ್ಯಾಯವನ್ನು ನಾವು ಮನುಷ್ಯರ ವಿಷಯದಲ್ಲಿ ಎಂದಾದರೂ ಪಾಲಿಸಿದ್ದೇವೆಯೇ? ಒಬ್ಬನನ್ನು ಬೆರಳಿನಿಂದ ಮುಟ್ಟಿ, ಇನ್ನೊಬ್ಬನ ಮೇಲೆ ಬಂಡೆಯನ್ನೇ ಹೇರಿ, ಬಳಿಕ ಇಬ್ಬರಲ್ಲಿ ಯಾರು ಹೆಚ್ಚು ಕುಗ್ಗಿದರೆಂದು ಅಳೆದು ಅಂಕ ಕೊಡುವುದನ್ನೇ ಅಲ್ಲವೆ ನಾವು ಅರ್ಹತೆಯೆನ್ನುತ್ತ ಬಂದಿರುವುದು? ಬಿಗುಪೆಂದರೆ ಒತ್ತಡಕ್ಕೆ ಒಂದು ವಸ್ತು ಕೊಡುವ ಉತ್ತರ, ಅಷ್ಟೆ. ಪ್ರಶ್ನೆಯೇ ಬೇರೆಬೇರೆಯಾಗಿದ್ದರೆ ಉತ್ತರಗಳನ್ನು ಹೇಗೆ ತೂಗುವುದು? ನಾನು ಇದನ್ನು ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ.

"ಭಾಷಣ ಆಮ್ಯಾಕೆ ಅಕ್ಕ. ಬರ್ಕಳ್ರಿ, ನೀಲಿ ಎರಡ್ನೇದು," ಎಂದಳು ಮಾರಕ್ಕ.

ಸಂಜೆಯ ಹೊತ್ತಿಗೆ ಎರಡು ಗುಂಪುಗಳು ಬೇರೆಯಾದವು: ಮೆತ್ತನೆಯ ಹಳದಿ ನಾಲ್ಕು, ಗಟ್ಟಿ ನೀಲಿ ನಾಲ್ಕು. ಇವೆರಡರ ನಡುವಿನದೊಂದು ಸಿಕ್ಕಿದ್ದರೆ ಚೆನ್ನಿತ್ತೆಂದು ಅವಳು ಪೇಚಾಡುತ್ತಿದ್ದಾಗ, ಸಹಾಯ ಮಾಡುವ ಹುಮ್ಮಸ್ಸಿನಲ್ಲಿ, ನೀಲಿಯದರಲ್ಲಿ ಒಂದು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತದಲ್ಲವೇ ಎಂದೆ. ಅವಳು ನಕ್ಕ ನಗುವಿಗೆ ಹಳದಿಯೊಂದು ಉರುಳಿ ಒಲೆಯ ಕೆಳಗೆ ಸೇರಿತು.

"ಕತ್ತರ್ಸಿದ್ರೆ ಇನ್ನೂ ಗಟ್ಟಿ ಆಗ್ತೈತೆ ಅಕ್ಕ! ಹತ್ತು ಸುತ್ತು ಹಂಚ್ಕಂಡು ಬಗ್ಗೋದನ್ನ ಒಂಬತ್ತೇ ಬಗ್ಗಬೇಕಲ್ಲ. ಯಾವ್ದೂ ಜಾಸ್ತಿ ಬಗ್ಗಲ್ಲ ಅಂತೈತೆ."

ಆ ಮಾತು ನನ್ನನ್ನು ಬಹಳ ದೂರ ಕೊಂಡೊಯ್ದಿತು. ಕತ್ತರಿಸಿದಷ್ಟೂ ಮನುಷ್ಯರು ಮೆದುವಾಗುತ್ತಾರೆಂಬ ನಂಬಿಕೆಯ ಮೇಲೆಯೇ ಎಷ್ಟೊಂದು ಮನೆಗಳು, ಮಠಗಳು, ಸರ್ಕಾರಗಳು ನಿಂತಿವೆ! ಬಗ್ಗುವವರು ಕಡಿಮೆಯಾದಾಗ ಉಳಿದವರು ಬಿಗಿಯುತ್ತಾರೆ. ಆ ಬಿಗುವನ್ನು ನಾವು ಅಹಂಕಾರವೆಂದು ಕರೆಯುತ್ತೇವೆ. ನಮ್ಮ ಸೀಮೆಯಲ್ಲಿ 'ಮೆತ್ತಗಾದ' ಎಂದರೆ ಜ್ವರ ಬಂದು ಸೊರಗಿದ ಎಂದೂ ಆಗುತ್ತದೆ, ಹೆದರಿ ಬಾಲ ಮುದುರಿದ ಎಂದೂ ಆಗುತ್ತದೆ. ಕೇರಿಯ ತಾಯಂದಿರು ಮಕ್ಕಳಿಗೆ ಮೊಲೆಹಾಲಿನೊಂದಿಗೆ ಕುಡಿಸುವ ಬುದ್ಧಿಮಾತು ಒಂದೇ: 'ತಗ್ಗಿ ಬಗ್ಗಿ ನಡಿ.' ಮಾರಕ್ಕನ ಅವ್ವ ಕೆಂಚಮ್ಮನೂ ಅದನ್ನೇ ಕುಡಿಸಿದ್ದಳು. ತಗ್ಗುವುದು, ಬಗ್ಗುವುದು ಸ್ಪ್ರಿಂಗಿನ ಕಸುಬೇ ಹೌದು. ಆದರೆ ತಗ್ಗಿದ ಸ್ಪ್ರಿಂಗು ಮರುಗಳಿಗೆಯಲ್ಲಿ ತನ್ನ ಎತ್ತರಕ್ಕೆ ಮರಳುತ್ತದೆ. ತಗ್ಗಿದವರು ತಗ್ಗಿಯೇ ಇರಲಿ ಎಂಬ ಕಟ್ಟಳೆ ಲೋಹಕ್ಕಿಲ್ಲ, ನಮಗಿದೆ.

ಅಳತೆಯೆಲ್ಲ ಯಾವುದಕ್ಕೆಂದರೆ, ಆ ಭಾನುವಾರ ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರದ ಹಾದಿಯ ಒಂದು ಊರಿನಲ್ಲಿ ರೇಸಿತ್ತು. ಅದು ಮಾರಕ್ಕ ಹುಟ್ಟಿದ ಊರು. ಅವಳು ದಾವಣಗೆರೆಯಲ್ಲಿ ಓಡಿಸಿದ್ದಾಳೆ, ಹಿರಿಯೂರಿನಲ್ಲಿ ಗೆದ್ದಿದ್ದಾಳೆ. ತನ್ನ ಊರಿನಲ್ಲಿ, ಕೂಲಿ ಮಾಡಿ ಫಿಟ್ಟರ್ ಓದಿಸಿದ ಅವ್ವನ ಕಣ್ಣೆದುರು, ಒಮ್ಮೆಯೂ ಓಡಿಸಿರಲಿಲ್ಲ. ಅವಳಿಗೆ ಬೇಕಿದ್ದದ್ದು ಅಷ್ಟೇ. ಅಷ್ಟೇ ಎಂಬ ಪದದೊಳಗೆ ಎಷ್ಟು ಹಿಡಿಸುತ್ತದೆಂದು ನನಗೆ ಆಗ ತಿಳಿದಿರಲಿಲ್ಲ.

ಸುಗ್ಗಿ ಮುಗಿದ ಕಣದಲ್ಲಿ ದಾಳಿಂಬೆ ತೋಟದ ಹಳೆಯ ಹನಿನೀರಿನ ಪೈಪುಗಳನ್ನು ಸುತ್ತಿಸಿ ಹಾದಿ ಮಾಡಿದ್ದರು. ಮಣ್ಣು ತುಂಬಿದ ಗೊಬ್ಬರದ ಚೀಲಗಳೇ ದಿಬ್ಬಗಳು. ದೂರದ ತಿರುವು, ಕುರಿಗಳು ನೀರು ಕುಡಿಯುವ ಕಲ್ಲಿನ ತೊಟ್ಟಿಯ ಹಿಂದೆ ಮರೆಯಾಗಿತ್ತು. ಅಲ್ಲಿ ಗಾಡಿಚಕ್ರದ ಹಳೆಯ ಜಾಡುಗಳು ಒಣಗಿ ಕಲ್ಲಾಗಿದ್ದವು. ಇಂಥ ರೇಸಿನಲ್ಲಿ ಓಡಿಸುವವರು ಎತ್ತರದಲ್ಲಿ ನಿಲ್ಲಬೇಕು, ಇಡೀ ಹಾದಿ ಕಣ್ಣಿಗೆ ಬೀಳಬೇಕು. ನಗರಗಳಲ್ಲಿ ಅದಕ್ಕೆಂದೇ ಅಟ್ಟಣೆ ಕಟ್ಟುತ್ತಾರೆ. ಇಲ್ಲಿ ಅಟ್ಟಣೆಯ ಚಿಂತೆಯಿರಲಿಲ್ಲ. ಗುಡಿಯ ಮುಂದೆ ಆಳೆತ್ತರದ ಬೇವಿನಕಟ್ಟೆಯಿತ್ತು, ಹತ್ತಲು ಏಳು ಮೆಟ್ಟಿಲು.

ನನಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿದರು. ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟರು. ಬೇವಿನ ಎಲೆಗಳು ಬಿಸಿಲನ್ನು ಸಣ್ಣಗೆ ಸೋಸಿ ಮಡಿಲಿಗೆ ಸುರಿಯುತ್ತಿದ್ದವು. ಕೆಳಗೆ ಜೇನುಹುಳುಗಳಂತೆ ಗುಂಯ್‌ಗುಡುತ್ತ ಕಾರುಗಳು ಧೂಳಿನ ದಾರ ನೂಲುತ್ತಿದ್ದವು. ನಾನು ಎಂಥ ಹಾಯಾದ ಮಂಪರಿಗೆ ಜಾರಿದ್ದೆನೆಂದರೆ, ಊರೂರಿನ ತಪ್ಪುಗಳನ್ನು ಹೆಕ್ಕುತ್ತ ತಿರುಗುವ ನನ್ನ ಕಣ್ಣಿಗೆ ಕಾಲಕೆಳಗಿನ ತಪ್ಪು ಕಾಣಲು ಅರ್ಧ ಸುತ್ತೇ ಬೇಕಾಯಿತು. ಕಾರು ಓಡಿಸುವ ಒಂಬತ್ತು ಮಂದಿಯಲ್ಲಿ ಎಂಟು ಜನ ನನ್ನ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಮಾರಕ್ಕ ಕೆಳಗೆ, ಕಟ್ಟೆಯಿಂದ ಹತ್ತು ಮಾರು ದೂರದ ಒಂದು ಚಪ್ಪಡಿಯ ಮೇಲೆ, ಹಿಮ್ಮಡಿಯೆತ್ತಿ ಕತ್ತು ನೀಳ ಮಾಡಿ ನಿಂತಿದ್ದಳು.

ಅವಳ ಕಾರಿಗೆ ಹಳದಿ ಸ್ಪ್ರಿಂಗು ಹಾಕಿತ್ತು. ತಿರುವಿನಲ್ಲಿ ಅದು ಒಂದು ಪಕ್ಕಕ್ಕೆ ವಾಲಿ, ತಡವಾಗಿ ಸಾವರಿಸಿಕೊಳ್ಳುತ್ತಿತ್ತು.

"ಏನಪ್ಪ, ಮೇಷ್ಟ್ರಮ್ಮನ ಗಾಡಿ ಉಯ್ಯಾಲೆ ಆಡ್ತೈತೆ!" ಎಂದನೊಬ್ಬ ನನ್ನ ಪಕ್ಕದಲ್ಲಿ.

"ಮಗು ಮಲಗೈತೆ ಕಣಲೇ ಒಳಗೆ, ಜೋಜೋ ಹಾಡು," ಎಂದ ಇನ್ನೊಬ್ಬ. ನಗು.

ಆಗ ನನಗೆ ಹೊಳೆಯಿತು, ಸ್ಪ್ರಿಂಗುಗಳ ವಿಷಯದಲ್ಲಿ ತಕ್ಕಡಿ ಹೇಳದ ಮಾತು. ಮೇಲೆ ನಿಂತವನಿಗೆ ತೊಟ್ಟಿಯ ಹಿಂದಿನ ಜಾಡು ಕಾಣುತ್ತದೆ; ಅವನು ಜಾಡು ತಪ್ಪಿಸಿ ನುಣುಪಾದ ಗೆರೆ ಹಿಡಿಯುತ್ತಾನೆ; ಅವನಿಗೆ ಗಟ್ಟಿ ಸ್ಪ್ರಿಂಗೇ ಸರಿ, ಕಾರು ಬಾಣದಂತೆ ತಿರುಗುತ್ತದೆ. ಕೆಳಗೆ ನಿಂತವಳು ತಿರುವನ್ನು ಕುರುಡಾಗಿ ದಾಟಬೇಕು. ಅಲ್ಲಿ ಗಟ್ಟಿ ಸ್ಪ್ರಿಂಗಿದ್ದರೆ ಮೊದಲ ಜಾಡಿಗೇ ಕಾರು ಪಲ್ಟಿ. ಆದುದರಿಂದ ಎಲ್ಲವನ್ನೂ ಮನ್ನಿಸುವ, ಎಲ್ಲಕ್ಕೂ ಬಗ್ಗುವ ಮೆತ್ತನೆಯದನ್ನೇ ಅವಳು ಹಾಕಬೇಕು, ಹಾಕಿ ನಿಧಾನವಾಗಬೇಕು, ನಿಧಾನವಾಗಿ ನಗೆಪಾಟಲಾಗಬೇಕು. ಯಾವ ಸ್ಪ್ರಿಂಗು ಮೇಲು ಎಂಬ ಪ್ರಶ್ನೆಗೆ, ನೀನು ನಿಂತಿರುವುದೆಲ್ಲಿ ಎಂಬ ಮರುಪ್ರಶ್ನೆಯೇ ಉತ್ತರ. ತಾಳ್ಮೆ ಯಾರ ಗುಣ, ಚುರುಕು ಯಾರ ಗುಣ ಎಂದು ನಾವು ಜಾತಿಗಟ್ಟಲೆ ಹಂಚಿಟ್ಟ ಗುಣಗಳೆಲ್ಲ ನಿಂತ ಎತ್ತರದ ಲೆಕ್ಕಗಳಾಗಿದ್ದರೆ?

ರೇಸು ಏರ್ಪಡಿಸಿದ್ದವನು ಪರಮೇಶಿ, ನಲವತ್ತರ ದಾಳಿಂಬೆ ಬೆಳೆಗಾರ, ನಗುಮುಖದವನು. ಮಾರಕ್ಕನನ್ನು ಕೆಳಗೇಕೆ ನಿಲ್ಲಿಸಿದ್ದೀರಿ ಎಂದು ಕೇಳಿದೆ.

"ಅಯ್ಯೋ ಮೇಡಂ, ಯಾರೂ ಬ್ಯಾಡ ಅಂದಿಲ್ರಿ. ಅವ್ರೇ ಹತ್ತಲ್ಲ. ಮೊದ್ಲಿಂದ ಹಂಗೇ ನಡ್ಕಂಡು ಬಂದೈತೆ. ಚಾ ಆರ್ತೈತೆ, ಕುಡೀರಿ."

ಯಾರೂ ಬೇಡವೆನ್ನದ ನಿಷೇಧ! ಬರೆದ ನಿಷೇಧವನ್ನು ಹರಿಯಬಹುದು, ಬಾಯಿಬಿಟ್ಟು ಹೇಳಿದ್ದನ್ನು ಪ್ರಶ್ನಿಸಬಹುದು. ಇದು ಗಾಳಿಯಂತೆ, ಉಸಿರಾಡುವವರಿಗೆಲ್ಲ ಒಳಗಿದೆ. ಇದಕ್ಕೆ ಹೆಸರು ಅಸ್ಪೃಶ್ಯತೆ. ಆ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದವಳು ನಾನು. ಮೆಟ್ಟಿಲು ಹತ್ತುವಾಗ ಅವು ಎಷ್ಟೆಂದು ಎಣಿಸುವ ಅಗತ್ಯ ಬೀಳದವಳು. ಆ ತಪ್ಪಿಗೂ ಹೆಸರಿದೆ, ಅದು ನನ್ನ ಹೆಸರು. ಲೋಟ ಕೆಳಗಿಟ್ಟು ಇಳಿದುಹೋದೆ.

ಮಾರಕ್ಕ ಮೊದಲ ಸುತ್ತಿನಲ್ಲಿ ನಾಲ್ಕನೆಯವಳಾಗಿ ಕೊನೆಯ ಸುತ್ತಿನ ಆರು ಜನರಲ್ಲಿ ಸೇರಿದ್ದಳು. ಚಪ್ಪಡಿಯ ಪಕ್ಕದ ಜಾಲಿಯ ನೆರಳಲ್ಲಿ ಕೆಂಚಮ್ಮ ಕುಳಿತಿದ್ದಳು. ನಾನು ಹತ್ತಿರ ಬರುವುದರೊಳಗೆ ತಾಯಿಮಗಳ ಮಾತು ಮುಗಿಯುವ ಹಂತಕ್ಕೆ ಬಂದಿತ್ತು.

"ನೀನು ಸಂಜೆ ಬಸ್ಸಿಗೆ ಹೋಗ್ತೀಯ," ಎನ್ನುತ್ತಿದ್ದಳು ಕೆಂಚಮ್ಮ. "ನಾಳೆ ಕೂಲಿಗೆ ಕರ್ಯೋರು ಇವ್ರೇ. ನಾನು ಈ ಕಟ್ಟೆ ಮುಂದೇನೇ ತಿರುಗಾಡ್ಬೇಕು. ಹತ್ತಬ್ಯಾಡ."

ನನಗೆ ತಡೆಯಲಾಗಲಿಲ್ಲ. ರೇಸು ನಿಲ್ಲಿಸುತ್ತೇನೆ, ಕಾನೂನು ನಮ್ಮ ಕಡೆಗಿದೆ, ಎಲ್ಲರೆದುರು ಕೇಳಿಯೇ ಬಿಡುತ್ತೇನೆ ಎಂದೆ.

"ಬ್ಯಾಡ ಅಕ್ಕ," ಎಂದಳು ಅವಳು, ಬಹಳ ಸಮಾಧಾನದಿಂದ. "ನೀವು ಕೂಗಿದ್ರೆ ನೀವು ನನ್ನ ಹತ್ಸಿದಂಗಾಗ್ತೈತೆ. ನಾನು ಹತ್ತಿದಂಗಾಗಲ್ಲ."

ಹಾಗೆಂದು ಕಾರನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡು ಒಂದು ಹಳದಿ ಸ್ಪ್ರಿಂಗನ್ನು ಬಿಚ್ಚಿದಳು. ಆ ಜಾಗಕ್ಕೆ ನೀಲಿಯನ್ನು ಕೂರಿಸಿದಳು. ಎರಡನೆಯದು. ಮೂರನೆಯದು.

"ಅವೇನೇ ಅವು?" ಎಂದಳು ಕೆಂಚಮ್ಮ.

"ಗಟ್ಟಿ ಸ್ಪ್ರಿಂಗು ಯವ್ವ. ಇವನ್ನ ಹಾಕಿದ್ರೆ ದಾರಿ ಪೂರ್ತಿ ಕಾಣ್ಬೇಕು. ಕೆಳಗೆ ನಿಂತು ಓಡ್ಸಾಕಾಗಲ್ಲ."

ನಾಲ್ಕನೆಯ ಚಕ್ರದ ಬಳಿ ಅವಳ ಕೈ ನಿಂತಿತು. ಮೂರು ಕಾಲು ಬಿಗಿ, ಒಂದು ಕಾಲು ಮೆತ್ತಗೆ. ಕುಂಟ ಕುರಿಯಂತೆ ಕಾರು ಅವಳ ತೊಡೆಯ ಮೇಲೆ ವಾಲಿಕೊಂಡಿತ್ತು. ಅವಳು ಅವ್ವನ ಮುಖ ನೋಡಲಿಲ್ಲ, ಒಪ್ಪಿಗೆ ಕೇಳಲಿಲ್ಲ, ಆದರೆ ಮುಂದುವರಿಯಲೂ ಇಲ್ಲ. ಕಟ್ಟೆಯ ಮೇಲಿನಿಂದ ಪರಮೇಶಿ ಹೆಸರುಗಳನ್ನು ಕೂಗತೊಡಗಿದ್ದ. ಬಿಸಿಲು, ಧೂಳು, ಜಾಲಿಯ ಹಳದಿ ಹೂಗಳು, ಎಲ್ಲವೂ ಯಾರದೋ ಕನಸಿನಲ್ಲಿ ಅಲುಗದೆ ನಿಂತಂತೆ ನನಗೆ ಕಂಡವು. ಒತ್ತಿದ್ದು ಸಾಕಷ್ಟಾಗಿತ್ತು, ಉತ್ತರ ಬರಬೇಕಾದದ್ದು ಮಗಳಿಂದಲ್ಲ ಎಂದು ನನಗೂ ಗೊತ್ತಾಗಿತ್ತು.

ಕೆಂಚಮ್ಮ ಕೈ ಚಾಚಿದಳು.

"ಆ ಮೆತ್ತನ್ನವು ಇತ್ತ ಕೊಡು."

ಮಗಳು ನಾಲ್ಕನೆಯದನ್ನೂ ಬಿಚ್ಚಿ ಕೊಟ್ಟು, ಆ ಜಾಗಕ್ಕೂ ನೀಲಿಯನ್ನು ಕೂರಿಸಿದಳು. ಮುದುಕಿ ನಾಲ್ಕನ್ನೂ ಸೆರಗಿನ ತುದಿಗೆ ಹಾಕಿ, ಹಲ್ಲಿನಿಂದ ಎಳೆದು ಗಂಟು ಬಿಗಿದಳು.

"ಹೊರಗಿದ್ರೆ ಮನ್ಸು ಬದಲಾಗ್ತೈತೆ," ಎಂದಳು. "ನಿಂದಲ್ಲ. ನಂದು."

ಮಾರಕ್ಕ ಏಳು ಮೆಟ್ಟಿಲನ್ನೂ ಚಪ್ಪಲಿ ಬಿಡದೆ ಹತ್ತಿದಳು. ಉಳಿದ ಐವರೂ ಬೂಟಿನಲ್ಲೇ ನಿಂತಿದ್ದರು. ಒಬ್ಬ ಸರಿದು ಜಾಗ ಬಿಟ್ಟ. ಒಬ್ಬ ರಿಮೋಟು ಹಿಡಿದುಕೊಂಡೇ ಕೆಳಗಿಳಿದು ಹೋದ. ಪರಮೇಶಿ ಒಂದು ಕ್ಷಣ ತಡವರಿಸಿ ಅವಳ ಹೆಸರು ಕೂಗಿದ, ಹಾಜರಿ ಪುಸ್ತಕದ ಹೆಸರನ್ನಲ್ಲ, ಊರು ಕರೆಯುವ ಹೆಸರನ್ನು. ಅವಳು ತೊಟ್ಟಿಯ ಆಚೆಗೆ ಕಣ್ಣು ಹಾಯಿಸಿದಳು, ಜಾಡು ನೋಡಿದಳು, ಅಲ್ಲಿಂದಲೂ ಆಚೆ ಏನನ್ನೋ ನೋಡಿದಳು, ಮುಖ ಮಗುವಿನಂತೆ ಅರಳಿತು.

"ಯವ್ವಾ! ಇಲ್ಲಿಂದ ನಮ್ಮನೆ ಕಾಣ್ತೈತೆ!"

ಗಂಟನ್ನು ಮುಷ್ಟಿಯಲ್ಲಿ ಹಿಡಿದು ಎದ್ದುನಿಂತಿದ್ದ ಕೆಂಚಮ್ಮ ಊರೆಲ್ಲ ಕೇಳುವಂತೆ ಗದರಿದಳು:

"ಮನೆ ಆಮ್ಯಾಕೆ ನೋಡೀಯಂತೆ, ಗಾಡಿ ನೋಡಲೇ!"